ಗೆರೆ ತುಳಿದವರು, ಗೆರೆ ಎಳೆದವರು

ತಾಲೂಕು ಮಟ್ಟದ ಶಾಲಾ ಕ್ರೀಡಾಕೂಟಗಳಲ್ಲಿ ಲೇನಿನ ಗೆರೆ ತುಳಿದರೆಂದು ಮಕ್ಕಳನ್ನು ಅನರ್ಹಗೊಳಿಸುವುದನ್ನು ಸದ್ಯಕ್ಕೆ ನಿಲ್ಲಿಸಬೇಕು. ನಿಯಮ ಬೇಡವೆಂದು ನಾನು ಹೇಳುತ್ತಿಲ್ಲ. ಆ ನಿಯಮವನ್ನು ಬಳಸುವ ಯೋಗ್ಯತೆ ನಮ್ಮ ಮೈದಾನಗಳಿಗೂ ಅದನ್ನು ನಡೆಸುವವರಿಗೂ ಇನ್ನೂ ಬಂದಿಲ್ಲ ಎಂದು ಹೇಳುತ್ತಿದ್ದೇನೆ. ಅಳತೆಯಲ್ಲಿ ನಾಲ್ಕು ಮೀಟರ್ ತಪ್ಪಿದವರು ಐದು ಮಿಲಿಮೀಟರ್ ತಪ್ಪಿದ ಹುಡುಗಿಯನ್ನು ಹೊರಗೆ ಕಳಿಸುತ್ತಾರೆ. ಈ ಅಂಕಿಗಳು ಮಾತಿನ ಭರದಲ್ಲಿ ಬಂದವಲ್ಲ. ಮುಂದೆ ಲೆಕ್ಕ ಕೊಡುತ್ತೇನೆ, ಪೆನ್ನು ಹಿಡಿದು ನೀವೂ ನೋಡಬಹುದು.

ನಾನಿರುವುದು ಪುಣೆ ಜಿಲ್ಲೆಯ ಶಿರೂರಿನಲ್ಲಿ. ಘೋಡ್ ನದಿಯ ದಂಡೆಯ ಊರು, ಪುಣೆಯಿಂದ ಅಹಿಲ್ಯಾನಗರದ (ಹಿಂದಿನ ಅಹ್ಮದನಗರ) ಕಡೆ ಹೋಗುವ ಹೆದ್ದಾರಿಯ ಮೇಲೆ ಸುಮಾರು 70 ಕಿಲೋಮೀಟರ್ ದೂರ. ಪಕ್ಕದ ರಾಂಜಣಗಾಂವ್ ಕೈಗಾರಿಕಾ ಪ್ರದೇಶಕ್ಕೆ ದುಡಿಯಲು ಬಂದವರಲ್ಲಿ ವಿಜಯಪುರ, ಕಲಬುರಗಿ ಕಡೆಯ ಕನ್ನಡದ ಮನೆಗಳೂ ಇವೆ. ಅವರ ಮಕ್ಕಳು ಮರಾಠಿ ಶಾಲೆಯಲ್ಲಿ ಓದುತ್ತವೆ, ಮನೆಯಲ್ಲಿ ಕನ್ನಡ ಆಡುತ್ತವೆ, ಓಟದಲ್ಲಿ ಎರಡಕ್ಕೂ ಬಿಡುವು. ಮೈದಾನದಲ್ಲಿ ಗೆರೆ ಹಾಕುವ ಬಿಳಿ ಪುಡಿಗೆ ಇಲ್ಲಿ ‘ಫಕ್ಕಿ’ ಎನ್ನುತ್ತಾರೆ, ಓಟದಿಂದ ಹೊರಬಿದ್ದವರಿಗೆ ‘ಬಾದ್’ ಎನ್ನುತ್ತಾರೆ. ಸಿಂಥೆಟಿಕ್ ಟ್ರ್ಯಾಕ್ ಕಾಣಬೇಕಾದರೆ ಪುಣೆಗೆ ಹೋಗಬೇಕು. 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ ಬಾಲೇವಾಡಿ ಕ್ರೀಡಾ ಸಂಕೀರ್ಣ ಊರಿನ ಆಚೆ ತುದಿಯಲ್ಲಿದೆ. ಶಿರೂರಿನ ಮಗು ಅಲ್ಲಿಗೆ ತಲುಪುವುದು ತಾಲೂಕು, ಜಿಲ್ಲೆ ಗೆದ್ದ ಮೇಲೆ. ಅಲ್ಲಿಯವರೆಗೆ ಅದರ ಪಾಲಿಗೆ ಟ್ರ್ಯಾಕ್ ಎಂದರೆ ಮಣ್ಣು, ಹಗ್ಗ, ಗೂಟ ಮತ್ತು ಫಕ್ಕಿ. ಇದು ಶಿರೂರಿನ ಕಥೆ ಮಾತ್ರವಲ್ಲ. ಇಂಡಿಯಲ್ಲೂ ಹಾಗೆಯೇ, ಹಿರಿಯೂರಿನಲ್ಲೂ ಹಾಗೆಯೇ, ಕಾಸರಗೋಡಿನ ಒಳನಾಡಿನಲ್ಲೂ ಹಾಗೆಯೇ ಇರುತ್ತದೆಂದು ಈ ಪತ್ರ ಓದುವ ದೈಹಿಕ ಶಿಕ್ಷಕರು ಒಪ್ಪಿಯಾರು.

ಎರಡು ವರ್ಷದ ಹಿಂದೆ ಈ ಕಡೆಯ ಒಂದು ಕೂಟದಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು 200 ಮೀಟರ್ ಓಟದಲ್ಲಿ ಎರಡನೆಯವಳಾಗಿ ಬಂದಳು. ಉಸಿರು ತಹಬಂದಿಗೆ ಬರುವಷ್ಟರಲ್ಲಿ ‘ಬಾದ್’ ಎಂದರು. ತಿರುವಿನಲ್ಲಿ ಗೆರೆ ತುಳಿದಳಂತೆ. ಯಾವ ಜಾಗದಲ್ಲಿ, ಎಷ್ಟು ಹೆಜ್ಜೆ, ಯಾರು ನೋಡಿದರು, ಒಂದಕ್ಕೂ ಉತ್ತರವಿಲ್ಲ. ಇಂಡಿ ತಾಲೂಕಿನ ಕಡೆಯ ಮನೆಯ ಹುಡುಗಿ. ಪಕ್ಕದಲ್ಲಿ ನಿಂತಿದ್ದ ನನ್ನ ಕನ್ನಡ ಕಿವಿಗೆ ಬಿದ್ದಿರಬೇಕು, “ಗೆರಿ ಎಲ್ಲಿತ್ರಿ ಕಾಕಾ? ಮೊದಲಿನ ಓಟದಾಗ ಎಲ್ಲಾರೂ ತುಳದು ಅಳಿಸಿ ಹೋಗಿತ್ತು” ಎಂದಳು. ನಾನು ಹೋಗಿ ನೋಡಿದೆ. ಅವಳು ಹೇಳಿದ್ದು ನಿಜ. ತಿರುವಿನ ಮಧ್ಯದಲ್ಲಿ ಏಳೆಂಟು ಅಡಿ ಉದ್ದಕ್ಕೆ ಫಕ್ಕಿಯ ನೆನಪು ಮಾತ್ರ ಇತ್ತು.

ಲೇನಿನ ನಿಯಮ ಹುಟ್ಟಿದ್ದು ಯಾಕೆ ಎಂಬುದನ್ನು ಮೊದಲು ಹೇಳಬೇಕು, ಇಲ್ಲದಿದ್ದರೆ ನಾನು ಸಡಿಲ ಬಿಡಿ ಎನ್ನುವವರ ಪಂಗಡ ಎಂದುಕೊಂಡೀರಿ. 1908ರ ಲಂಡನ್ ಒಲಿಂಪಿಕ್ಸ್‌ನ 400 ಮೀಟರ್ ಫೈನಲ್‌ನಲ್ಲಿ ಲೇನು ಇರಲಿಲ್ಲ. ನಾಲ್ವರು ಓಟಗಾರರು, ಮೂವರು ಅಮೆರಿಕದವರು, ಒಬ್ಬ ಬ್ರಿಟನ್ನಿನ ವಿಂಡಮ್ ಹಾಲ್ಸ್‌ವೆಲ್. ಕೊನೆಯ ಹಂತದಲ್ಲಿ ಅಮೆರಿಕದ ಜಾನ್ ಕಾರ್ಪೆಂಟರ್ ಅಡ್ಡಕ್ಕೆ ಸರಿಯುತ್ತಾ ಹಾಲ್ಸ್‌ವೆಲ್‌ಗೆ ದಾರಿ ಕಟ್ಟಿದನೆಂದು ತೀರ್ಪುಗಾರರು ಓಟವನ್ನೇ ರದ್ದು ಮಾಡಿದರು. ಕಾರ್ಪೆಂಟರ್‌ನನ್ನು ಹೊರಗಿಟ್ಟು, ಲೇನು ಹಾಕಿ ಮತ್ತೆ ಓಡಿಸುವುದೆಂದಾಯಿತು. ಉಳಿದ ಇಬ್ಬರು ಅಮೆರಿಕನ್ನರು ಬರಲೇ ಇಲ್ಲ. ಹಾಲ್ಸ್‌ವೆಲ್ ಒಬ್ಬನೇ ಓಡಿ ಚಿನ್ನ ಪಡೆದ. ಲೇನು ಬಂದದ್ದು ಹೀಗೆ, ತಳ್ಳಿಸಿಕೊಂಡವನ ರಕ್ಷಣೆಗೆ. ಮೊಣಕೈ ಗಟ್ಟಿಯಿದ್ದವನಿಗೆ ಲೇನು ಬೇಕಿಲ್ಲ. ಅದು ಬೇಕಾದದ್ದು ಸಣಕಲು ಮಗುವಿಗೆ. 1.22 ಮೀಟರ್ ಅಗಲದ ಆ ಪಟ್ಟಿಯಲ್ಲಿ, ಓಟ ಮುಗಿಯುವವರೆಗೆ, ಯಾರ ಮಗನೂ ಕಾಲಿಡುವಂತಿಲ್ಲ. ಊರಿನಲ್ಲಿ ಬೇರೆ ಎಲ್ಲೂ ಇಷ್ಟು ಖಚಿತವಾದ ಜಾಗ ಸಿಗದ ಮಕ್ಕಳಿಗೆ ಅದು ಸಣ್ಣ ಮಾತಲ್ಲ.

ಆದ್ದರಿಂದ ‘ಬಿಡಿ ಸರ್, ಮಕ್ಕಳು’ ಎನ್ನುವ ಪೋಷಕರ ಜತೆ ನಾನಿಲ್ಲ. ಆ ಮಾತು ತಮ್ಮ ಮಗು ಬಾದ್ ಆದಾಗ ಮಾತ್ರ ಬರುತ್ತದೆ, ಪಕ್ಕದ ಲೇನಿನ ಮಗು ಬಾದ್ ಆದರೆ ಬರುವುದಿಲ್ಲ. ದೇಶವಾಗಿ ನಮ್ಮ ನಡತೆಯೂ ಇದೇ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ತಮಿಳುನಾಡಿನ ಗೋವಿಂದನ್ ಲಕ್ಷ್ಮಣನ್ 10,000 ಮೀಟರ್ ಓಟದಲ್ಲಿ ಮೂರನೆಯವರಾಗಿ ಬಂದರು. ಟ್ರ್ಯಾಕಿನ ಒಳ ಅಂಚಿನ ಆಚೆ ಕಾಲಿಟ್ಟರೆಂದು ಕಂಚು ಹೋಯಿತು, ಚೀನಾದವನಿಗೆ ಸಿಕ್ಕಿತು. ಮೇಲ್ಮನವಿ ನಿಲ್ಲಲಿಲ್ಲ. ಹೆಸರು ಲಕ್ಷ್ಮಣ, ದಾಟಿದ್ದು ರೇಖೆ. ಪತ್ರಿಕೆಗಳಿಗೆ ಶೀರ್ಷಿಕೆ ಹುಡುಕುವ ಕಷ್ಟವಿರಲಿಲ್ಲ. ಎಂಥ ಅನ್ಯಾಯ ಎಂದು ನಾವೆಲ್ಲ ಮರುಗಿದೆವು. ಐದು ವರ್ಷ ಕಳೆದು, 2023ರ ಅಕ್ಟೋಬರ್ 2ರಂದು ಹಾಂಗ್‌ಝೌನಲ್ಲಿ 4x400 ಮಿಶ್ರ ರಿಲೇಯಲ್ಲಿ ನಮ್ಮವರು ಮೂರನೆಯವರಾಗಿ ಬಂದರು. ಎರಡನೆಯದಾಗಿ ಬಂದ ಶ್ರೀಲಂಕಾ ತಂಡ ಲೇನಿನ ನಿಯಮ ಮುರಿದಿದೆಯೆಂದು ಅನರ್ಹವಾಯಿತು, ನಮ್ಮ ಕಂಚು ಬೆಳ್ಳಿಯಾಯಿತು. ಆ ರಾತ್ರಿ ಶ್ರೀಲಂಕಾದ ನಾಲ್ವರಿಗಾಗಿ ಮರುಗಿದವರು ಎಷ್ಟು ಮಂದಿ? ನಿಯಮ ಎರಡು ಸಲವೂ ನಿಯಮವೇ. ಎರಡು ಕಡೆಯೂ ಅಳತೆಯಾದ ಟ್ರ್ಯಾಕ್ ಇತ್ತು, ತಿರುವಿನಲ್ಲಿ ಕೂತು ನೋಡುವ ಅಂಪೈರ್‌ಗಳಿದ್ದರು, ಕ್ಯಾಮೆರಾ ಇತ್ತು, ದೂರು ಕೇಳುವವರಿದ್ದರು. ಹಾಗಿದ್ದ ಕಡೆ ನಿಯಮವನ್ನು ಬಳಸಿದ್ದು ಸರಿ.

ಈಗ ಲೆಕ್ಕ.

400 ಮೀಟರಿನ ಮಾದರಿ ಟ್ರ್ಯಾಕಿನಲ್ಲಿ ಎರಡು ನೇರ ಬದಿಗಳು, ತಲಾ 84.39 ಮೀಟರ್. ಎರಡು ಅರ್ಧವೃತ್ತದ ತಿರುವುಗಳು, ಒಳ ಅಂಚಿನ ತ್ರಿಜ್ಯ 36.50 ಮೀಟರ್. ಗೆರೆಯ ಅಗಲ 5 ಸೆಂಟಿಮೀಟರ್. ಬಲಗಡೆಯ ಗೆರೆ ನಿಮ್ಮದು, ಎಡಗಡೆಯದು ಪಕ್ಕದವರದು. ಅದಕ್ಕೇ ಎಡಗಾಲಿನ ತಪ್ಪೇ ತಪ್ಪು. ಎಡಕ್ಕೆ, ಎಂದರೆ ಒಳಕ್ಕೆ, ಸರಿದಷ್ಟೂ ದಾರಿ ಕಡಿಮೆಯಾಗುತ್ತದೆ. ಎಷ್ಟು ಕಡಿಮೆ? ಇಡೀ ತಿರುವನ್ನು 10 ಸೆಂಟಿಮೀಟರ್ ಒಳಗೆ ಓಡಿದವನಿಗೆ ಉಳಿಯುವುದು 31 ಸೆಂಟಿಮೀಟರ್. ಅದು ಕಳ್ಳತನವೇ, ಪದಕ ಬದಲಾಗುವಷ್ಟು. ಆದರೆ ಒಂದೇ ಒಂದು ಹೆಜ್ಜೆ 5 ಸೆಂಟಿಮೀಟರ್ ಒಳಗೆ ಬಿದ್ದರೆ ಉಳಿಯುವುದು ಮೂರು ಮಿಲಿಮೀಟರಿನ ಆಸುಪಾಸು. ನಮ್ಮ ಶಾಲೆಗಳ 200 ಮೀಟರ್ ಮೈದಾನದಲ್ಲಿ ತಿರುವು ಇನ್ನೂ ಬಿಗಿ. ತ್ರಿಜ್ಯ 18 ಮೀಟರ್ ಎಂದುಕೊಂಡರೆ, ಎಂಟನೇ ತರಗತಿಯ ಹುಡುಗಿಯ ಒಂದು ಹೆಜ್ಜೆಯಲ್ಲಿ ಉಳಿಯುವುದು ಹೆಚ್ಚೆಂದರೆ ಐದು ಮಿಲಿಮೀಟರ್. ಬೆರಳಿನ ಉಗುರಿನ ಅರ್ಧವೂ ಅಲ್ಲ.

ಇನ್ನು ಗೆರೆ ಎಳೆದವರ ಲೆಕ್ಕಕ್ಕೆ ಬನ್ನಿ. ಹೊರಗಿನ ಲೇನಿನಲ್ಲಿ ಓಡುವವರಿಗೆ ದೂರ ಹೆಚ್ಚಾಗುವುದರಿಂದ ಅವರನ್ನು ಮುಂದೆ ನಿಲ್ಲಿಸುತ್ತಾರೆ, ಸ್ಟ್ಯಾಗರ್ ಎಂದರೆ ಅದೇ. ಮಾದರಿ ಟ್ರ್ಯಾಕಿನಲ್ಲಿ ಒಂದು ಪೂರ್ತಿ ಸುತ್ತಿಗೆ ಎರಡನೇ ಲೇನಿನ ಸ್ಟ್ಯಾಗರ್ 7.04 ಮೀಟರ್, ಮೂರನೆಯದಕ್ಕೆ 14.70. ದೈಹಿಕ ಶಿಕ್ಷಣ ಓದಿದವರೆಲ್ಲ ಬಾಯಿಪಾಠ ಮಾಡಿದ ಕೋಷ್ಟಕ ಇದು. 200 ಮೀಟರ್ ಓಟ ಆ ಟ್ರ್ಯಾಕಿನಲ್ಲಿ ಅರ್ಧ ಸುತ್ತು, ಒಂದೇ ತಿರುವು. ಆದ್ದರಿಂದ ಸ್ಟ್ಯಾಗರ್ ಅರ್ಧ, 3.52 ಮೀಟರ್. ಆದರೆ ಶಾಲೆಯ ಮೈದಾನದಲ್ಲಿ 200 ಮೀಟರ್ ಎಂದರೆ ಒಂದು ಪೂರ್ತಿ ಸುತ್ತು, ಎರಡು ತಿರುವು. ಮೈದಾನ ಚಿಕ್ಕದು, ಸ್ಟ್ಯಾಗರ್ ಕೂಡ ಚಿಕ್ಕದಿರಬಹುದು ಎಂದು ಬುದ್ಧಿ ಹೇಳುತ್ತದೆ. ಬುದ್ಧಿಗೆ ಇಲ್ಲಿ ಮೋಸವಾಗುತ್ತದೆ. ಒಂದು ಸುತ್ತಿಗೆ ಹೆಚ್ಚಾಗುವ ದೂರ ಲೇನಿನ ಅಗಲದ ಮೇಲೆ ನಿಂತಿದೆಯೇ ಹೊರತು ಮೈದಾನದ ಗಾತ್ರದ ಮೇಲಲ್ಲ. ಅಗಲವನ್ನು ಎರಡು ಪೈಯಿಂದ ಗುಣಿಸಿದರೆ ಮುಗಿಯಿತು. ತ್ರಿಜ್ಯ ಎಷ್ಟೇ ಇರಲಿ, ಲೆಕ್ಕದಿಂದ ಅದು ತಾನಾಗಿ ಬಿಟ್ಟುಹೋಗುತ್ತದೆ. ಎಂಟನೇ ತರಗತಿಯ ಗಣಿತ ಇದು, ಹುಡುಗಿ ಓದುತ್ತಿದ್ದ ತರಗತಿಯದೇ.

ಇನ್ನೊಂದು ಸೂಕ್ಷ್ಮ ಇದೆ, ಅದನ್ನು ಎಷ್ಟು ಮಂದಿ ಗಮನಿಸುತ್ತಾರೋ ಕಾಣೆ. ಕೋಷ್ಟಕದ 7.04 ಬಂದದ್ದು ಮೊದಲ ಲೇನಿನ ಒಳಗೆ ಎತ್ತರಿಸಿದ ಅಂಚುಪಟ್ಟಿ ಇರುವ ಟ್ರ್ಯಾಕಿಗೆ. ಅಂಚು ಇದ್ದರೆ ಓಟಗಾರ ಸ್ವಲ್ಪ ದೂರ ಓಡುತ್ತಾನೆಂದು ಮೊದಲ ಲೇನನ್ನು ಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು ಅಳೆಯುತ್ತಾರೆ, ಉಳಿದ ಲೇನುಗಳನ್ನು ಗೆರೆಯಿಂದ 20 ಸೆಂಟಿಮೀಟರ್ ಬಿಟ್ಟು. ನಮ್ಮ ಮಣ್ಣಿನ ಮೈದಾನದಲ್ಲಿ ಅಂಚೆಲ್ಲಿದೆ? ಬರೀ ಪುಡಿಯ ಗೆರೆ. ಹಾಗಿದ್ದಾಗ ಮೊದಲ ಲೇನಿಗೂ 20 ಸೆಂಟಿಮೀಟರೇ. ಆಗ ಎರಡನೇ ಲೇನಿಗೆ ಸಲ್ಲಬೇಕಾದ ಸ್ಟ್ಯಾಗರ್ 7.04 ಅಲ್ಲ, 7.67.

ಕೋಷ್ಟಕದಲ್ಲಿ 200 ಮೀಟರಿಗೆ ಬರೆದ 3.52ನ್ನು ಹಾಗೆಯೇ ತಂದು ಶಾಲೆಯ ಮೈದಾನಕ್ಕೆ ಹಾಕಿದಾಗ ಏನಾಗುತ್ತದೆ ನೋಡಿ. ಎರಡನೇ ಲೇನಿನ ಹುಡುಗಿ 204 ಮೀಟರಿಗೂ ಸ್ವಲ್ಪ ಹೆಚ್ಚು ಓಡುತ್ತಾಳೆ. 200 ಮೀಟರನ್ನು 30 ಸೆಕೆಂಡಿನಲ್ಲಿ ಓಡುವ ಹುಡುಗಿಗೆ ಇದು ಅರ್ಧ ಸೆಕೆಂಡಿಗಿಂತ ಹೆಚ್ಚಿನ ನಷ್ಟ. ಆರನೇ ಲೇನಿನವಳು ಓಡುವುದು 219 ಮೀಟರ್! ಪ್ರೇಕ್ಷಕರು ‘ಹೊರಗಿನ ಲೇನಿನವಳಿಗೆ ದಮ್ಮಿಲ್ಲ’ ಎನ್ನುತ್ತಾರೆ. ಕೋಷ್ಟಕವೂ ಇಲ್ಲದೆ, ‘ಒಂದೊಂದು ಲೇನಿಗೆ ಹತ್ತು ಹೆಜ್ಜೆ ಮುಂದೆ’ ಎಂದು ಕಾಲಿನಲ್ಲೇ ಅಳೆಯುವ ಮೇಷ್ಟ್ರು ಬಂದರೆ ತಪ್ಪು ಯಾವ ಕಡೆ ಎಷ್ಟು ಎಂದು ಹೇಳಲೂ ಬರುವುದಿಲ್ಲ. ಅವರ ಕಾಲಿನ ಉದ್ದವೇ ಆ ವರ್ಷದ ನಿಯಮ.

ಈ ತಪ್ಪಿಗೆ ಬಾದ್ ಆದವರು ಯಾರಾದರೂ ಇದ್ದಾರೆಯೇ? ಸ್ಟ್ಯಾಗರ್ ತಪ್ಪಿತ್ತು, ಓಟವನ್ನು ಮತ್ತೆ ಓಡಿಸಿ ಎಂದು ಹೇಳಿದ ಒಂದು ತಾಲೂಕು ಕೂಟವನ್ನು ನಾನು ಕಂಡಿಲ್ಲ.

ನಿಯಮ ನಿಯಮವೇ, ಇಂದು ಬಿಟ್ಟರೆ ನಾಳೆ ಎಲ್ಲರೂ ಅಡ್ಡ ಓಡುತ್ತಾರೆ ಎನ್ನುವವರಿದ್ದಾರೆ. ಸರಿ, ನಿಯಮವನ್ನೇ ತೆಗೆಯೋಣ. ಪುಸ್ತಕ ತೆರೆದು ಕೂತರೆ ಮುಜುಗರವಾಗುವುದು ಮಕ್ಕಳಿಗಲ್ಲ. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯ ತಾಂತ್ರಿಕ ನಿಯಮಗಳಲ್ಲಿ 17ನೆಯದು ಇದಕ್ಕೆ ಸಂಬಂಧಿಸಿದ್ದು, ಹಳೆಯ ಪುಸ್ತಕಗಳಲ್ಲಿ 163 ಎಂದಿತ್ತು. ಬೇರೊಬ್ಬರು ತಳ್ಳಿದ್ದರಿಂದ ಗೆರೆ ದಾಟಿದರೆ ತಪ್ಪಿಲ್ಲ. ನೇರ ಬದಿಯಲ್ಲಿ ದಾಟಿದರೆ, ಅಥವಾ ತಿರುವಿನಲ್ಲಿ ಹೊರಗಡೆಗೆ, ಬಲಕ್ಕೆ ಸರಿದರೆ, ಲಾಭವಾಗದಿದ್ದರೆ ಮತ್ತು ಯಾರಿಗೂ ಅಡ್ಡಿಯಾಗದಿದ್ದರೆ ತಪ್ಪಿಲ್ಲ. ಇವೆರಡೂ ಹಳೆಯ ಮಾತು. ಹೊಸದು ಇನ್ನೊಂದು. ಕೆಲವು ವರ್ಷಗಳ ಹಿಂದೆ ನಿಯಮ ತಿದ್ದಿದರು. ತಿರುವಿನಲ್ಲಿ ಎಡಗಡೆಯ ಗೆರೆಯನ್ನು ಒಂದು ಸಲ ಮುಟ್ಟಿದರೆ, ಅದರಿಂದ ನಿಜವಾದ ಲಾಭ ಆಗಿಲ್ಲದಿದ್ದರೆ, ಅನರ್ಹತೆ ಇಲ್ಲ. ಅದನ್ನು ಬರೆದಿಟ್ಟುಕೊಳ್ಳುತ್ತಾರೆ. ಅದೇ ಸ್ಪರ್ಧೆಯ ಅದೇ ಓಟದಲ್ಲೋ ಮುಂದಿನ ಸುತ್ತಿನಲ್ಲೋ ಎರಡನೇ ಸಲ ಆದರೆ ಹೊರಗೆ. ಒಲಿಂಪಿಕ್ಸ್ ಓಟಗಾರನಿಗೆ ಒಂದು ಹೆಜ್ಜೆಯ ಕ್ಷಮೆ ಇದೆ. ಬರಿಗಾಲಿನಲ್ಲಿ, ಅಳಿಸಿಹೋದ ಗೆರೆಯ ಮೇಲೆ ಓಡುವ ಹದಿಮೂರರ ಹುಡುಗಿಗೆ ಇಲ್ಲ!

ತಿದ್ದುಪಡಿ ಸುಮ್ಮನೆ ಬಂದದ್ದಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನ 200 ಮೀಟರ್ ಫೈನಲ್ ನೆನಪಿದೆಯೇ? ಉಸೇನ್ ಬೋಲ್ಟ್ ವಿಶ್ವದಾಖಲೆ ಮಾಡಿದ ಓಟ. ಮೂರನೆಯವನಾಗಿ ಬಂದ ಅಮೆರಿಕದ ವಾಲೆಸ್ ಸ್ಪಿಯರ್‌ಮನ್ ಗೆರೆ ತುಳಿದನೆಂದು ಹೊರಹೋದ. ಅಮೆರಿಕದವರು ವಿಡಿಯೋ ನೋಡುತ್ತಾ ಕೂತಾಗ ಎರಡನೆಯವನಾದ ನೆದರ್ಲೆಂಡ್ಸ್ ಆಂಟಿಲಿಸ್‌ನ ಚುರಾಂಡಿ ಮಾರ್ಟಿನಾನ ಕಾಲೂ ಗೆರೆಯ ಮೇಲೆ ಕಂಡಿತು. ದೂರು ಕೊಟ್ಟರು, ಅವನೂ ಹೋದ. ನಾಲ್ಕನೆಯವನಾಗಿ ಬಂದಿದ್ದ ಶಾನ್ ಕ್ರಾಫರ್ಡ್ ಬೆಳ್ಳಿ ಪಡೆದ. ಪಡೆದವನಿಗೆ ಅದು ಒಗ್ಗಲಿಲ್ಲ. ಕೆಲವೇ ದಿನಗಳಲ್ಲಿ ಪದಕವನ್ನು ಮಾರ್ಟಿನಾಗೆ ಕೊಟ್ಟುಬಿಟ್ಟ. ಹತ್ತು ವರ್ಷದ ನಂತರ, 2018ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಒಳಾಂಗಣ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪುರುಷರ 400 ಮೀಟರಿನ ಒಂದು ಹೀಟ್ಸ್‌ನಲ್ಲಿ ಐವರೂ ಅನರ್ಹರಾದರು. ಒಬ್ಬ ಗುಂಡಿಗಿಂತ ಮುಂಚೆ ಹೊರಟದ್ದಕ್ಕೆ, ಉಳಿದ ನಾಲ್ವರು ಲೇನು ತಪ್ಪಿದ್ದಕ್ಕೆ. ಗೆದ್ದವರೇ ಇಲ್ಲದ ಓಟ. ಒಳಾಂಗಣ ಟ್ರ್ಯಾಕಿನ ಸುತ್ತು 200 ಮೀಟರ್, ನಮ್ಮ ಶಾಲಾ ಮೈದಾನದಷ್ಟೇ, ತಿರುವು ಅಷ್ಟೇ ಬಿಗಿ. ಜಗತ್ತಿನ ಉತ್ತಮ ಓಟಗಾರರಿಗೆ ಕಷ್ಟವಾದ ತಿರುವು ಅದು. ಅಲ್ಲಿ ತಿರುವನ್ನು ಓಟಗಾರನಿಗೆ ಆಸರೆಯಾಗುವಂತೆ ಇಳಿಜಾರಾಗಿ ಕಟ್ಟಿರುತ್ತಾರೆ, ನಮ್ಮಲ್ಲಿ ತಿರುವಿನಲ್ಲಿ ಜಲ್ಲಿಕಲ್ಲು ಇರದಿದ್ದರೆ ಪುಣ್ಯ.

ನಿಯಮಪುಸ್ತಕ ತೀರ್ಪುಗಾರರ ಮೇಲೆ ಹೊರಿಸುವ ಹೊರೆಯ ಬಗ್ಗೆ ನಮ್ಮಲ್ಲಿ ಮಾತೇ ಇಲ್ಲ. ತಿರುವಿನಲ್ಲಿ ನಿಂತ ಅಂಪೈರ್‌ಗೆ ಯಾರನ್ನೂ ಹೊರಹಾಕುವ ಅಧಿಕಾರವಿಲ್ಲ. ತಪ್ಪು ಕಂಡೊಡನೆ ಅವನು ಹಳದಿ ಬಾವುಟ ಎತ್ತಬೇಕು, ಕಂಡದ್ದನ್ನು ಬರೆದು ಕೊಡಬೇಕು. ತೀರ್ಮಾನ ರೆಫರಿಯದು. ಫಲಿತಾಂಶ ಅಧಿಕೃತವಾಗಿ ಸಾರಿದ ಮೇಲೆ 30 ನಿಮಿಷದೊಳಗೆ ಓಟಗಾರ ಮೌಖಿಕವಾಗಿಯೇ ಆಕ್ಷೇಪ ಎತ್ತಬಹುದು. ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಸಮಿತಿಗೆ ಹೋಗಬಹುದು. ಜಕಾರ್ತಾದ ಮಿಶ್ರ ರಿಲೇಯಲ್ಲಿ ಕೊಡಗಿನ ಪೂವಮ್ಮ ಓಡಿ ಹಿಮಾ ದಾಸ್ ಕೈಗೆ ಬ್ಯಾಟನ್ ಕೊಟ್ಟ ಸಂದರ್ಭದಲ್ಲಿ ಬಹ್ರೇನ್ ಓಟಗಾರ್ತಿ ಅಡ್ಡ ಬಿದ್ದಳೆಂದು ನಮ್ಮವರು ದೂರು ಕೊಟ್ಟರು. ದೂರು ಬಿದ್ದುಹೋಯಿತು. ಬೆಳ್ಳಿ ಮುಂದೆ ಚಿನ್ನವಾದದ್ದು ಅದೇ ಬಹ್ರೇನ್ ಓಟಗಾರ್ತಿ ಉದ್ದೀಪನ ಮದ್ದಿನಲ್ಲಿ ಸಿಕ್ಕಿಬಿದ್ದದ್ದರಿಂದ, ಅದು ಬೇರೆಯೇ ಕಥೆ. ನಾನು ಹೇಳುವುದಿಷ್ಟೇ: ದೂರು ಕೊಡುವುದು ಹೇಗೆಂದು ಆ ತಂಡಕ್ಕೆ ಗೊತ್ತಿತ್ತು, ಕೇಳುವವರೂ ಇದ್ದರು. ತಾಲೂಕು ಕೂಟದಲ್ಲಿ ಅಂಪೈರು, ರೆಫರಿ, ಮೇಲ್ಮನವಿ ಸಮಿತಿ ಮೂರೂ ಸೀಟಿ ಹಿಡಿದ ಒಬ್ಬರೇ ಮೇಷ್ಟ್ರು. ಬಹಳ ಸಲ ಅವರದೇ ಶಾಲೆಯ ಹುಡುಗಿ ಮೂರನೆಯವಳಾಗಿ ಬಂದಿರುತ್ತಾಳೆ. ಮೇಷ್ಟ್ರು ಕೆಟ್ಟವರೆಂದು ಹೇಳುತ್ತಿಲ್ಲ. ಬೆಳಗ್ಗೆ ಐದಕ್ಕೆ ಬಂದು ಗೆರೆ ಹಾಕಿ, ಸಂಜೆ ಆರಕ್ಕೆ ಪ್ರಮಾಣಪತ್ರ ಬರೆಯುವ ಒಬ್ಬ ಮನುಷ್ಯನಿಗೆ ಇಷ್ಟೆಲ್ಲ ಹೊರಿಸಿದ ಇಲಾಖೆಯ ಮಾತು ಹೇಳುತ್ತಿದ್ದೇನೆ.

ಸೋತ ಹುಡುಗಿಗೆ ಹೋದದ್ದು ಬರೀ ಪದಕವಾಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಮಹಾರಾಷ್ಟ್ರದಲ್ಲಿ ಶಾಲಾ ಕ್ರೀಡೆ ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಮೆಟ್ಟಿಲು. ಮೇಲೇರಿದವರಿಗೆ ಹತ್ತನೇ ತರಗತಿಯಲ್ಲಿ ಹೆಚ್ಚುವರಿ ಅಂಕ, ಮುಂದೆ ಸರ್ಕಾರಿ ನೌಕರಿಯಲ್ಲಿ ಕ್ರೀಡಾಪಟುಗಳ ಶೇ. 5 ಮೀಸಲು. ಕರ್ನಾಟಕದಲ್ಲೂ ಮೆಟ್ಟಿಲು ಹೀಗೆಯೇ. ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿ ಮಾಡುವವರ ಮನೆಯಲ್ಲಿ ಇದಕ್ಕೆ ಇರುವ ಬೆಲೆ ಏನೆಂದು ವಿವರಿಸಬೇಕಿಲ್ಲ. ಮೊದಲ ಮೆಟ್ಟಿಲಲ್ಲೇ ಬಾದ್ ಆದವಳಿಗೆ ಮೇಲಿನ ಮೆಟ್ಟಿಲುಗಳ ಸಿಂಥೆಟಿಕ್ ಟ್ರ್ಯಾಕು, ಬಾವುಟ, ಮೇಲ್ಮನವಿ ಇದ್ದರೇನು, ಬಿಟ್ಟರೇನು? ನಿಯಮದ ಸೌಲಭ್ಯವೆಲ್ಲ ಮೇಲೆ, ಶಿಕ್ಷೆ ಮಾತ್ರ ಕೆಳಗೆ. ಜಕಾರ್ತಾದಲ್ಲಿ ಕಂಚು ಕಳೆದುಕೊಂಡ ಲಕ್ಷ್ಮಣನ್ ಅವರಿಗೆ ಕೇಂದ್ರ ಕ್ರೀಡಾ ಸಚಿವರು ಆಮೇಲೆ 10 ಲಕ್ಷ ರೂಪಾಯಿ ಕೊಟ್ಟು ಗೌರವಿಸಿದರು. ಕೊಟ್ಟದ್ದು ಒಳ್ಳೆಯದೇ. ಶಿರೂರಿನ ಹುಡುಗಿಗೆ ಯಾರೂ ಬಿಸ್ಕತ್ತಿನ ಪೊಟ್ಟಣವನ್ನೂ ಕೊಡಲಿಲ್ಲ.

ಗೆರೆಯ ಶಿಸ್ತು ಚಿಕ್ಕಂದಿನಲ್ಲೇ ಕಲಿಯದಿದ್ದರೆ ದೊಡ್ಡ ಕೂಟದಲ್ಲಿ ಪದಕ ಹೋಗುತ್ತದಲ್ಲ ಎನ್ನುವುದು ಇನ್ನೊಂದು ವಾದ. ಈ ವಾದಕ್ಕೆ ತೂಕವಿದೆ. ಆದರೆ ಗೆರೆ ಕಲಿಸುವುದು ಗೆರೆ ಎಳೆದು ಅಭ್ಯಾಸ ಮಾಡಿಸುವುದರಿಂದ, ವರ್ಷಕ್ಕೊಮ್ಮೆ ಬಾದ್ ಎನ್ನುವುದರಿಂದಲ್ಲ. ಕೂಟದ ಹಿಂದಿನ ದಿನದವರೆಗೆ ಲೇನು ಕಾಣದ ಮಗು ತಿರುವಿನಲ್ಲಿ ಎಡಕ್ಕೆ ವಾಲುತ್ತಲೇ ಕಾಲನ್ನು ಬಲಕ್ಕೆ ಇಡುವುದನ್ನು ಎಲ್ಲಿಂದ ಕಲಿಯಬೇಕು? ತಿಂಗಳಿಗೆ ನಾಲ್ಕು ಸಲ ಒಂದು ತಿರುವಿಗೆ ಮಾತ್ರ ಎರಡು ಲೇನು ಹಾಕಿ ಓಡಿಸಿದರೆ ಸಾಕು. ಅದಕ್ಕೆ ಬೇಕಾದದ್ದು ಒಂದು ಚೀಲ ಪುಡಿ.

ನಾನು ಕೇಳುತ್ತಿರುವುದು ಕ್ರಾಂತಿಯಲ್ಲ. ಓಟಕ್ಕೆ ಮುಂಚೆ ಟೇಪು ಹಿಡಿದು ಅಳೆದ ಸ್ಟ್ಯಾಗರ್‌ಗಳನ್ನು ಒಂದು ಹಾಳೆಯಲ್ಲಿ ಬರೆದು ಮೈದಾನದ ಗೇಟಿಗೆ ಅಂಟಿಸಲಿ. ಪ್ರತಿ ನಾಲ್ಕಾರು ಓಟಕ್ಕೊಮ್ಮೆ ತಿರುವಿನ ಗೆರೆಗೆ ಮತ್ತೆ ಪುಡಿ ಬೀಳಲಿ. ತಿರುವಿಗೊಬ್ಬರು, ಆ ಓಟದಲ್ಲಿ ತಮ್ಮ ಶಾಲೆಯ ಮಗು ಇಲ್ಲದವರು, ನಿಲ್ಲಲಿ. ಮೊದಲ ಹೆಜ್ಜೆಗೆ ಬರೆದುಕೊಳ್ಳಲಿ, ಎರಡನೆಯದಕ್ಕೆ ಹೊರಗೆ ಕಳಿಸಲಿ, ಕಳಿಸುವಾಗ ಮಗುವನ್ನು ಕರೆದುಕೊಂಡು ಹೋಗಿ ಜಾಗ ತೋರಿಸಲಿ. ಇಷ್ಟಾಗದ ಮೈದಾನದಲ್ಲಿ ಅಡ್ಡ ನುಗ್ಗಿ ಬೇರೆಯವರ ದಾರಿ ಕಟ್ಟಿದವರನ್ನು ಮಾತ್ರ ಹೊರಗಿಡಲಿ. 1908ರಲ್ಲಿ ಲೇನು ಬಂದದ್ದೇ ಅದಕ್ಕೆ.

ಈ ಸಲ ನಿಮ್ಮೂರಿನ ಕೂಟಕ್ಕೆ ಹೋದಾಗ ಒಂದು ಪ್ರಶ್ನೆ ಕೇಳಿ. ಜಗಳದ ದನಿ ಬೇಡ. ‘200 ಮೀಟರಿಗೆ ಎರಡನೇ ಲೇನಿನ ಸ್ಟ್ಯಾಗರ್ ಎಷ್ಟಿಟ್ಟಿದ್ದೀರಿ ಮೇಷ್ಟ್ರೇ?’ ಸುತ್ತು 200 ಮೀಟರ್, ಲೇನು 1.22 ಅಗಲವಿದ್ದು 7.67 ಎಂದರೆ ನಮಸ್ಕಾರ ಹೇಳಿ ಹೋಗಿ ಕುಳಿತುಕೊಳ್ಳಿ. ಲೇನು ಒಂದು ಮೀಟರ್ ಅಗಲವಿದ್ದರೆ 6.28 ಸರಿಯಾದ ಉತ್ತರ. 3.52 ಎಂದರೆ, ಮಕ್ಕಳು ಲೇನಿಗೆ ನಿಲ್ಲುವ ಮೊದಲೇ ಟೇಪಿನ ಇನ್ನೊಂದು ತುದಿಯನ್ನು ನೀವು ಹಿಡಿದುಕೊಳ್ಳಿ.